ಕೆಂಪು ಕಾರಿನ ಅಸಲು ಬೆಲೆ

"ಈ ಕೆಂಪು ಕಾರನ್ನ ಎಷ್ಟಕ್ಕೆ ಕೊಂಡಿದ್ರಿ?" ಮನೆಗೆ ಬಂದಿದ್ದ ತೆರಿಗೆ ಅಧಿಕಾರಿ ಫೋನಿನಲ್ಲಿದ್ದ ಫೋಟೋ ತೋರಿಸಿ ಕೇಳಿದಾಗ ಬಸ್ ಡ್ರೈವರ್ ತಡವರಿಸಿದ. ಆನ್‌ಲೈನಿನಲ್ಲಿ ಒಳ್ಳೆಯ ಬೆಲೆಗೆ ಮಾರಿದ್ದ ಹಳೆಯ ಆಟಿಕೆ ಕಾರುಗಳಿಗೆ ಅವನ ಬಳಿ ಒಂದು ರಸೀದಿಯೂ ಇರಲಿಲ್ಲ. "ಪುರಾವೆ ಇಲ್ದಿದ್ರೆ ಮಾರಿದ ದುಡ್ಡೆಲ್ಲಾ ಲಾಭ ಅಂತಲೇ ಬರ್ಕೋಬೇಕಾಗುತ್ತೆ. ಅಷ್ಟಕ್ಕೂ ತೆರಿಗೆ," ಎಂದರು ಆಕೆ.

ಕೊಟ್ಟ ಬೆಲೆ ಅವನಿಗೆ ಚೆನ್ನಾಗಿಯೇ ನೆನಪಿತ್ತು. ಆದರೆ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಪ್ರತಿ ಕಾರು ಮನೆಗೆ ತಂದಾಗಲೂ ಅವಳಿಗೆ ಅವನು ಹೇಳುತ್ತಿದ್ದುದು ಒಂದೇ ಮಾತು: "ಚಿಲ್ಲರೆ ಕಾಸಿಗೆ ಸಿಕ್ತು ಕಣೇ." ಈಗ ತಲೆ ಕೆರೆದುಕೊಳ್ಳುತ್ತ, "ಅದು... ಸ್ವಲ್ಪ ಜಾಸ್ತೀನೇ ಆಗಿತ್ತು," ಎಂದು ಗೊಣಗಿದ.

ಹೆಂಡತಿ ಒಳಗೆ ಹೋಗಿ ಕಪಾಟಿನ ಬಾಗಿಲನ್ನು ಅಗಲಕ್ಕೆ ತೆರೆದಳು. "ಮೇಡಂ, ಇಲ್ಲಿ ಬನ್ನಿ." ಬಾಗಿಲಿನ ಒಳಮೈ ತುಂಬ ಬೆಲೆಚೀಟಿಗಳಿದ್ದವು. ಒಂದೊಂದರಲ್ಲೂ ಅಂಗಡಿಯ ಹೆಸರು, ಕಾರಿನ ಹೆಸರು, ತಾರೀಖು, ಬೆಲೆ. ಅವನು ಕದ್ದುಮುಚ್ಚಿ ಕಿತ್ತು ಕಸದ ಬುಟ್ಟಿಗೆ ಹಾಕಿದ್ದನ್ನೆಲ್ಲ ಅವಳು ಹೆಕ್ಕಿ ತಂದು ಸಾಲಾಗಿ ಅಂಟಿಸಿದ್ದಳು. ಕೆಂಪು ಕಾರಿನದು ಎಲ್ಲಕ್ಕಿಂತ ಮೇಲಿತ್ತು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಓದುತ್ತಾ ಹೋದರು. "ಇದು ನಡೆಯುತ್ತೆ. ತೆರಿಗೆ ಅರ್ಧಕ್ಕರ್ಧ ಇಳಿಯುತ್ತೆ," ಎಂದು ನಗು ತಡೆದುಕೊಂಡರು.

ಡ್ರೈವರ್ ಹೆಂಡತಿಯ ಮುಖ ನೋಡಲಾರದೆ ನೆಲ ನೋಡಿದ. ಅವಳು ಅಧಿಕಾರಿಗೆ ಕುರ್ಚಿ ಎಳೆದು ಹಾಕಿದಳು.

"ಕೂತ್ಕೊಂಡೇ ನೋಡಿ ಮೇಡಂ. ಎಷ್ಟು ವರ್ಷದಿಂದ ಕಾಯ್ತಿದ್ದೆ, ಯಾರಾದ್ರೂ ಇವರ ಲೆಕ್ಕ ಕೇಳೋಕೆ ಬರ್ಲಿ ಅಂತ!"