ತಾಯಿ ಕಾರ್ಡ್

ತೆರವಾಗಿದ್ದ ಲೋಕಸಭಾ ಸೀಟಿನ ಟಿಕೆಟ್ ಯಾರಿಗೆಂದು ಪಕ್ಷದ ಸದಸ್ಯರು ಮತ ಹಾಕಿ ಮುಗಿಸಿದ್ದರು. ಐವರು ಆಕಾಂಕ್ಷಿಗಳಲ್ಲಿ ವಿರುಪಾಕ್ಷಪ್ಪ ಈ ಸಲವೂ ಕೊನೆಯವನು. ಅವನು ಮನೆ ಮುಟ್ಟುವ ಮೊದಲೇ ಸರ್ಕಾರದ ಗುಮಾಸ್ತ ಬಂದು ಕಟ್ಟೆಯ ಮೇಲೆ ಕೂತಿದ್ದ.

ಕಾನೂನು ಎಲ್ಲರಿಗೂ ಗೊತ್ತಿದ್ದದ್ದೇ. ಆಕಾಂಕ್ಷಿ ಜನರಿಗೆ ಏನು ಕೊಡುತ್ತೇನೆಂದು ಬರೆದುಕೊಡುತ್ತಾನೋ, ಅದು ಇಡೀ ಕ್ಷೇತ್ರಕ್ಕೆ ಸಿಗುವ ತನಕ ಅವನ ಮನೆಗೂ ಸಿಗಬಾರದು. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಹಿಂದಿನ ಸಲ ಅವನು ನೀರು ಬರೆದಿದ್ದ. ಅಂಗಳದ ನಲ್ಲಿಗೆ ಬಡಿದ ಅರಗಿನ ಮೊಹರು ಈಗ ಕಪ್ಪಾಗಿತ್ತು. ದೊಡ್ಡದನ್ನು ಪಣಕ್ಕಿಟ್ಟವನನ್ನು ಜನ ನಂಬುತ್ತಾರೆ ಎಂದು ಅವನ ಲೆಕ್ಕ. ಸದಸ್ಯರು ಮಾತ್ರ, "ಸ್ವಂತ ಮನೀಗೇ ನೀರಿಲ್ಲ, ಇಂವ ಊರಿಗೇನ್ ಕೊಡ್ತಾನ?" ಎಂದು ನಗುತ್ತಿದ್ದರು.

"ಈ ಸಲ ಏನ್ ಬರದೀರಿ?" ಎಂದಳು ಎಂಟು ತಿಂಗಳ ಬಸುರಿ ಹೆಂಡತಿ ದಾಕ್ಷಾಯಣಿ.

"ದವಾಖಾನಿ."

ಗುಮಾಸ್ತ ಸಂಕೋಚದಿಂದ ಕೈ ಚಾಚಿದ. "ಅಕ್ಕಾರ, ತಾಯಿ ಕಾರ್ಡ್ ಕೊಡ್ರಿ. ಇನ್ನ ಯಾವ ದವಾಖಾನ್ಯಾಗೂ ನಿಮ್ಮನ್ನ ಒಳಗ ಬಿಡಂಗಿಲ್ಲ."

ಹೆರಿಗೆಯ ತಾರೀಖು ಬರೆದಿದ್ದ ಕಾರ್ಡನ್ನು ಅವಳು ಟ್ರಂಕಿನಿಂದ ತೆಗೆದುಕೊಟ್ಟಳು.

"ಗೆದ್ದವ್ರು ಏನ್ ಬರದಿದ್ರು?" ಎಂದು ಗಂಡನನ್ನು ಕೇಳಿದಳು.

"ಊರ ಮುಂದ ಒಂದು ಸ್ವಾಗತ ಕಮಾನು."

ಗುಮಾಸ್ತ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಹೋದ. ವಿರುಪಾಕ್ಷಪ್ಪ ಹೆಂಡತಿಯ ಪಕ್ಕ ಕೂತ.

"ಮುಂದಿನ ಸಲ ಗೆದ್ದಾ ಗೆಲ್ತೀನಿ. ಏನ್ ಬರೀಬೇಕಂತ ಈಗಾಗಲೇ ಯೋಚನಿ ಮಾಡೀನಿ."

"ಏನ್ರೀ?"

ಅವನು ಅವಳ ಹೊಟ್ಟೆಯನ್ನು ಅಕ್ಕರೆಯಿಂದ ನೋಡಿದ.

"ಎಲ್ಲಾ ಮಕ್ಕಳಿಗೂ ಓದಾಕ ಛಲೋ ಸಾಲಿ."