ಅರಿಶಿನ ಹತ್ತದ ಮದುಮಗಳು

ಹೆಣ್ಣುಮಕ್ಕಳು, ಮದುವೆಯ ಅರಿಶಿನ ಹತ್ತಲೆಂದು ಪಾದಗಳನ್ನಷ್ಟೇ ಬಿಟ್ಟು, ಉಳಿದ ಮೈಗೆಲ್ಲ ಸಿಲಿಕೋನ್ ಚರ್ಮ ಹಾಕಿಸಿಕೊಳ್ಳುವುದು ವಾಡಿಕೆ. ಇಂದುಶ್ರೀ ಒಡೆದ ಹಿಮ್ಮಡಿಗೆ ನಾಚಿ ಪಾದಕ್ಕೂ ಹಾಕಿಸಿಬಿಟ್ಟಿದ್ದಳು. ಈಗ ಹಸೆಮಣೆಯ ಮೇಲೆ, ಹಚ್ಚಿದ ಅರಿಶಿನವೆಲ್ಲ ಕಾವಲಿಯಿಂದ ದೋಸೆ ಜಾರಿದಂತೆ ಜಾರಿ ಬೀಳುತ್ತಿತ್ತು.

"ಅರಿಶಿನ ನಿಲ್ಲದ ಹುಡುಗಿಗೆ ನನ್ನ ಮಗ ತಾಳಿ ಕಟ್ಟಲ್ಲ," ಎಂದರು ಅತ್ತೆಯಾಗಬೇಕಾದ ಚೆನ್ನಾಜಮ್ಮ.

ಇಂದುಶ್ರೀಗೆ ಆ ಹುಡುಗನೇ ಬೇಕಾಗಿತ್ತು.

"ಬಾಯಿ ತೆಗಿಯೇ," ಎಂದಳು ಅವಳ ಅಜ್ಜಿ. "ನಾಲಿಗೆಗೆ ಹಾಕಿಸಿಲ್ಲ ತಾನೆ?"

ಇಂದುಶ್ರೀ ಚಾಚಿದ ನಾಲಿಗೆಗೆ ಅಜ್ಜಿ ಹಚ್ಚಿದ ಅರಿಶಿನ ಚೆನ್ನಾಗಿ ಹತ್ತಿತು.

"ಇಷ್ಟುದ್ದ ನಾಲಿಗೆನಾ?" ಚೆನ್ನಾಜಮ್ಮ ಹೌಹಾರಿದರು.

"ಅರಿಶಿನಕ್ಕೆ ಜಾಗ ಬೇಕಲ್ಲ, ಬೀಗಿತ್ತಮ್ಮ," ಎಂದ ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. "ಅಳಿಸಿ ಹೋದೀತು, ಒಳಗೆ ಎಳ್ಕೋಬೇಡ ಮಗಾ."

ಇಂದುಶ್ರೀ ಹಿರಿಯರ ಮಾತು ಮೀರದೆ, ಕೊರಳಿಗೆ ತಾಳಿ ಬೀಳುವವರೆಗೂ ಅತ್ತೆಯ ಕಡೆಗೆ ನಾಲಿಗೆ ಚಾಚಿಕೊಂಡೇ ಕುಳಿತಳು.