ಮೊಮ್ಮಗನ ಪಾಲು

ಹನ್ನೊಂದು ಗಂಟೆಯಾದರೂ ಕಾಗೆ ಎಡೆ ಮುಟ್ಟಲಿಲ್ಲ. ಬಾಳಾಸಾಹೇಬ ತೀರಿಕೊಂಡ ಮೂರನೆಯ ದಿನ. ಸೋನ್ಯಾಳದ ಹೊಲದ ಬದುವಿನಲ್ಲಿ, ಅವನನ್ನು ಮಣ್ಣು ಮಾಡಿದ ಗುಡ್ಡೆಯ ಮುಂದೆ, ಸೊಸೆ ಯಮನವ್ವ ರೊಟ್ಟಿ, ಝುಣಕ, ಅನ್ನ, ಒಂದು ಕಟ್ಟು ಬೀಡಿ ಇಟ್ಟಿದ್ದಳು. ಎದುರಿನ ಬೇವಿನ ಮರದಲ್ಲಿ ಒಂದೇ ಒಂದು ಕಾಗೆ. ಕೂಗುತ್ತಿರಲಿಲ್ಲ, ರೆಕ್ಕೆಯನ್ನೂ ಕೊಡವುತ್ತಿರಲಿಲ್ಲ. ಕಾಗೆ ಮುಟ್ಟುವ ತನಕ ಮನೆಯವರು ತುತ್ತು ಎತ್ತುವ ಹಾಗಿಲ್ಲ. ಸತ್ತವನಿಗೆ ಇನ್ನೂ ಏನೋ ಆಸೆ ಉಳಿದಿದೆ ಎಂದೇ ಲೆಕ್ಕ.

ಆಸೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಎಪ್ಪತ್ತು ವರ್ಷ ಬಾಳಿದ ಮನುಷ್ಯ ಐವತ್ತು ವರ್ಷ ಕುಡಿದಿದ್ದ, ಪ್ರತಿ ಗ್ಲಾಸಿಗೂ ಕಣ್ಣು ಮುಚ್ಚಿ ಮುಂಗೈಯಿಂದ ತುಟಿ ಒರೆಸಿಕೊಳ್ಳುತ್ತ. ಆದರೆ ಎಡೆಗೆ ಸೆರೆ ಇಟ್ಟರೆ ಅದನ್ನು ಚೆಲ್ಲುವಂತಿಲ್ಲ, ಮೊಮ್ಮಗ ಪ್ರಸಾದವೆಂದು ಕುಡಿಯಬೇಕು. ಯಮನವ್ವನ ಗಂಡ ಸೋಮನಾಥ ಜೀವನದ ಮೊದಲ ಗುಟುಕು ಕುಡಿದದ್ದು ಹೀಗೆಯೇ, ತನ್ನ ಅಜ್ಜನ ಎಡೆಯಲ್ಲಿ, ಹದಿಮೂರನೆಯ ವಯಸ್ಸಿಗೆ. ಮೂವತ್ನಾಲ್ಕಕ್ಕೆ ಲಿವರ್ ಹೋಗಿ ಸತ್ತ. ಈಗ ಉಳಿದವನು ಮಗ ಮಹಾಂತ, ಹದಿನಾಲ್ಕು ವರ್ಷದವನು. ಅವನಿಗಾಗಿಯೇ ಅವಳು ಬಚತ್ ಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರನ್ನು ಕಟ್ಟಿಕೊಂಡು ಆರು ತಿಂಗಳು ಮನೆಮನೆ ತಿರುಗಿದ್ದಳು. ಹಬ್ಬವಿರಲಿ, ಎಡೆಯಿರಲಿ, ಹದಿನೆಂಟು ತುಂಬದವರ ಕೈಗೆ ಯಾರೂ ಸೆರೆ ಕೊಡಕೂಡದೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿದ್ದಳು. ಅಂದು ಹೂಂ ಎಂದು ಕೈ ಎತ್ತಿದವರಲ್ಲಿ ಅರ್ಧ ಜನ ಈಗ ಇಲ್ಲೇ ನಿಂತಿದ್ದರು.

ಬಿಸಿಲು ಏರಿತು. ಬಾಳಾಸಾಹೇಬನ ತಮ್ಮ ಅಣ್ಣಾರಾಯ ಅಂಗಿಯ ಒಳಜೇಬಿನಿಂದ ಕ್ವಾರ್ಟರ್ ಬಾಟಲಿ ತೆಗೆದ. ಮೊದಲೇ ತಂದಿಟ್ಟುಕೊಂಡಿದ್ದನಲ್ಲ, ಪುಣ್ಯಾತ್ಮ. ಯಮನವ್ವ ಠರಾವಿನ ಮಾತೆತ್ತಿದಳು. ಅವಳ ಜತೆಗೇ ಮನೆಮನೆ ತಿರುಗಿದ್ದ ಶಿವಲಿಂಗವ್ವ ಅವಳ ಮುಖ ನೋಡದೆ ಉತ್ತರ ಕೊಟ್ಟಳು.

“ಠರಾವ ಇದ್ದವ್ರಿಗೆ, ಯಮನವ್ವ. ಸತ್ತವ್ರಿಗೆ ಎಲ್ಲೀದು?”

ಅಣ್ಣಾರಾಯ ಗ್ಲಾಸು ತುಂಬಿ ಎಡೆಯ ಪಕ್ಕಕ್ಕಿಟ್ಟ. ಕಾಗೆ ಕೆಳಗಿನ ಕೊಂಬೆಗೆ ಇಳಿಯಿತು, ಅಷ್ಟೇ. ಗ್ಲಾಸಿನ ಕಡೆ ಅದರ ಗಮನವೇ ಇರಲಿಲ್ಲ. ಮಹಾಂತ ನೆರಳಿಗೆಂದು ಎಡಕ್ಕೆ ಸರಿದರೆ ಅದರ ಕತ್ತು ಎಡಕ್ಕೆ ಹೊರಳಿತು. ಅವನು ಹೆದರಿ ತಾಯಿಯ ಬೆನ್ನ ಹಿಂದೆ ಬಂದರೆ, ಅವನು ಕಾಣುವಂಥ ಇನ್ನೊಂದು ಕೊಂಬೆಗೆ ಜಿಗಿಯಿತು.

“ಅಣ್ಣ ವಚನ ಬೇಡ್ಲಾಕತ್ತಾನ,” ಎಂದ ಅಣ್ಣಾರಾಯ, ದನಿ ತಗ್ಗಿಸಿ. “ಮೊಮ್ಮಗ ಬಾಯಿ ಬಿಟ್ಟು ಹೇಳಬೇಕು.”

ಯಮನವ್ವ ಮಗನ ಬಾಯಿ ಮುಚ್ಚಲು ಕೈ ಚಾಚಿದಳು. ಅಷ್ಟರಲ್ಲಿ ಅವನು ಹೇಳಿಬಿಟ್ಟಿದ್ದ. ಈಚೆಗೆ ಒಡೆಯುತ್ತಿದ್ದ ಅವನ ದನಿ ಒಮ್ಮೆಲೇ ಮುದುಕರ ದನಿಯಂತೆ ಕೇಳಿಸಿತು.

“ನಾ ಕುಡೀತೀನಿ, ಮುತ್ಯಾ. ನೀ ಉಣ್ಣು.”

ಕಾಗೆ ಧೊಪ್ಪನೆ ಇಳಿಯಿತು. ರೊಟ್ಟಿ ದಾಟಿ, ಅನ್ನ ದಾಟಿ, ನಡೆದುಕೊಂಡೇ ಬಂದು ಗ್ಲಾಸಿಗೆ ಕೊಕ್ಕು ತಾಗಿಸಿತು. ಸದ್ಯ ಮುಟ್ಟಿತಲ್ಲ ಎಂದು ಎಲ್ಲರೂ ಕೈ ಮುಗಿದರು. ಯಮನವ್ವ ಮಾತ್ರ ಮುನ್ನುಗ್ಗಿ, ಕಾಗೆಯ ಕೊಕ್ಕಿನ ಕೆಳಗಿಂದಲೇ ಗ್ಲಾಸು ಕಿತ್ತುಕೊಂಡು, ಅಷ್ಟನ್ನೂ ಗುಡ್ಡೆಯ ಮೇಲೆ ಸುರಿದಳು.

“ಮಾವಾರ, ಪೂರಾ ನೀವ ಕುಡದು ಹೋಗ್ರಿ. ಇವನ್ನ ಬಿಡ್ರಿ.”

ಮಣ್ಣು ಕ್ಷಣದಲ್ಲಿ ಎಲ್ಲವನ್ನೂ ಹೀರಿಕೊಂಡಿತು. ಕಾಗೆ ಹಾರಿಹೋಯಿತು. ಯಮನವ್ವನಿಗೆ ಹೋದ ಜೀವ ಬಂದಂತಾಯಿತು. ಉಳಿಸಿಕೊಂಡೆನೆಂದು ಮಗನ ಕಡೆ ತಿರುಗಿದಳು. ಒಂದು ಹನಿಯನ್ನೂ ಮುಟ್ಟದ ಮಹಾಂತ, ಕಣ್ಣು ಮುಚ್ಚಿ, ಮುಂಗೈಯಿಂದ ತುಟಿ ಒರೆಸಿಕೊಳ್ಳುತ್ತಿದ್ದ.